ಎಷ್ಟು ರಕ್ತ ಹೋಯಿತು?

1998ರ ಆಷಾಢ ಮಾಸ. ನಾನು ಗುರುದೀಕ್ಷೆ ಪಡೆದು ಹೆಚ್ಚು ದಿನಗಳಾಗಿರಲಿಲ್ಲ. ಬೇಲೂರು ತಾಲ್ಲೂಕಿನ ಬಿಕ್ಕೋಡು ಹೋಬಳಿಯ ಕಾಫಿ ತೋಟಗಳ ಲೈನು ಮನೆಗಳಲ್ಲಿ ಚದುರಿದಂತಿದ್ದ ಕೆಲವು ಕ್ರೈಸ್ತ ಕುಟುಂಬಗಳನ್ನು ಆಗಾಗ ಕಂಡು ಬರುವ ಹೊಣೆ ಸಹಾಯಕ ಗುರುವಾಗಿದ್ದ ನನ್ನ ಪಾಲಿಗೆ ಬಂದಿತ್ತು. ಒಂದು ಸಂಜೆ ಜಿಟಿಜಿಟಿ ಮಳೆಯಲ್ಲಿ ತೋಟದ ರೈಟರು ಕಳುಹಿಸಿದ ಹುಡುಗನೊಬ್ಬ ನಾನಿದ್ದಲ್ಲಿಗೆ ಓಡಿಬಂದು, "ಸ್ವಾಮಿ, ಬಾಣಂತಿ ತುಂಬಾ ಸುಸ್ತಾಗವ್ಳಂತೆ, ಎಣ್ಣೆ ತಗೊಂಡು ಬರ್ಬೇಕಂತೆ" ಎಂದ. ರೋಗಿಗಳ ಅಭ್ಯಂಗದ ತೈಲವನ್ನು ಕಿಸೆಯಲ್ಲಿಟ್ಟುಕೊಂಡು ಹೊರಟೆ.

ಮಧ್ಯಾಹ್ನವೇ ಹೆರಿಗೆಯಾಗಿತ್ತು. ಹೆಣ್ಣುಮಗು, ಗಟ್ಟಿಯಾಗಿ ಅಳುತ್ತಿತ್ತು. ಮಾಸು ಕೂಡ ಬಿದ್ದಿತ್ತು. ಹೆರಿಗೆ ಮಾಡಿಸಿದ ಅಜ್ಜಿ ಅನುಭವಸ್ಥೆ. ಆ ತೋಟದ ಅರ್ಧಕ್ಕರ್ಧ ಮಕ್ಕಳನ್ನು ಮೊದಲು ಎತ್ತಿಕೊಂಡ ಕೈ ಅವಳದು. "ಸ್ವಲ್ಪ ಹೋಗೈತೆ ಸ್ವಾಮಿ, ಎಲ್ಲಾ ಹೆಂಗಸ್ರಿಗೂ ಹೋಗೋದೇ" ಎಂದಳು. ತೊಯ್ದ ಹಳೆಯ ಸೀರೆಗಳನ್ನು ಹೊರಗೆ ಹಾಕಿದ್ದರು. ಮಳೆ ಅವುಗಳನ್ನು ತೊಳೆಯುತ್ತಿತ್ತು. ತಾಯಿಯ ತುಟಿ ಬಿಳುಚಿಕೊಂಡು, ಕೈ ತಣ್ಣಗಾಗಿತ್ತು. ತೋಟದ ಜೀಪು ಬಂತು. ಹಾಸನದ ಆಸ್ಪತ್ರೆಗೆ ಹೋಗಬೇಕೆಂದು ಹೊರಟೆವು. ಬೇಲೂರು ಮುಟ್ಟುವ ಮುನ್ನವೇ ಅವಳು ಕಣ್ಮುಚ್ಚಿದಳು. ಬೆತ್ಲೆಹೇಮಿನ ದಾರಿಯಲ್ಲಿ ಹೆತ್ತು ಮಡಿದ ರಾಖೇಲಳ ಕಥೆಯನ್ನು ನಾನು ಗುರುಮಠದಲ್ಲಿ ಓದಿದ್ದೆ. ಅದು ಬಿಕ್ಕೋಡಿನ ದಾರಿಯಲ್ಲಿ ನನ್ನ ಕಣ್ಣೆದುರೇ ನಡೆದೀತೆಂದು ಎಣಿಸಿರಲಿಲ್ಲ.

ಮಣ್ಣು ಮಾಡಿ ಮರಳುವಾಗ ಆ ಗಂಡ ನನ್ನನ್ನು ಕೇಳಿದ: "ಎಷ್ಟು ರಕ್ತ ಹೋಯ್ತು ಸ್ವಾಮಿ? ಅಜ್ಜಿ ಸ್ವಲ್ಪ ಅಂದ್ರಲ್ಲ?"

ನನ್ನಲ್ಲಿ ಉತ್ತರವಿರಲಿಲ್ಲ. "ಎಲ್ಲಾ ದೇವರ ಚಿತ್ತ ಕಣಪ್ಪಾ" ಎಂದೆ. ಅಂದಿನಿಂದ ಇಂದಿನವರೆಗೂ ಆ ಮಾತು ನನ್ನನ್ನು ಕಾಡುತ್ತಲೇ ಇದೆ. ಅವನು ಕೇಳಿದ್ದು ಅಳತೆಯ ಪ್ರಶ್ನೆ. ನಾನು ಅದಕ್ಕೆ ದೇವರನ್ನು ಅಡ್ಡ ತಂದೆ. ಅದೇ ಪ್ರಶ್ನೆಯನ್ನು ನಮ್ಮದೇ ನಾಡಿನಲ್ಲಿ ಬೇರೆ ಕೆಲವರು ಗಂಭೀರವಾಗಿ ಕೈಗೆತ್ತಿಕೊಂಡು, ತೂಗಿ, ಅಳೆದು, ಉತ್ತರ ಹುಡುಕಿದರು. ಅವರ ಚರಿತ್ರೆಯನ್ನು ನಮ್ಮ ಧರ್ಮಕೇಂದ್ರಗಳ ಕುಟುಂಬಗಳು ತಿಳಿದಿರಬೇಕೆಂಬ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

‘ಸ್ವಲ್ಪ’ ಎಂಬ ಮಾತಿನ ಬೆಲೆ

ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿದು ಬರುತ್ತದೆ. ಮಗು ಹುಟ್ಟಿ ಮಾಸು ಬೇರ್ಪಟ್ಟೊಡನೆ ಗರ್ಭಕೋಶದ ಸ್ನಾಯುಗಳು ಬಿಗಿಯಾಗಿ ಕುಗ್ಗಿ, ತೆರೆದ ರಕ್ತನಾಳಗಳ ಬಾಯನ್ನು ಹಿಸುಕಿ ಮುಚ್ಚುತ್ತವೆ. ಸೃಷ್ಟಿಕರ್ತನು ಇಟ್ಟ ವ್ಯವಸ್ಥೆ ಅದು. ಅದು ಕುಗ್ಗದೆ ಸಡಿಲವಾಗಿಯೇ ಉಳಿದರೆ ನಲ್ಲಿಯನ್ನು ತೆರೆದಿಟ್ಟಂತೆ. ಅರ್ಧ ಲೀಟರು ರಕ್ತ ಹೋದರೆ ವೈದ್ಯರು ಅದನ್ನು ಪ್ರಸವಾನಂತರದ ರಕ್ತಸ್ರಾವವೆಂದು ಕರೆಯುತ್ತಾರೆ. ಒಂದು ಲೀಟರು ದಾಟಿದರೆ ತೀವ್ರ ರಕ್ತಸ್ರಾವ. ಇಂಥ ಸ್ರಾವಕ್ಕೆ ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಲು ಎರಡು ಗಂಟೆ ಸಾಕು ಎಂಬುದು ವೈದ್ಯರ ಸಾಮಾನ್ಯ ಅಂದಾಜು. ಮೊದಲೇ ರಕ್ತಹೀನತೆಯಿಂದ ಬಳಲುವ ತಾಯಿಗೆ ಅಷ್ಟು ಹೊತ್ತೂ ಉಳಿಯದಿರಬಹುದು.

ಗರ್ಭಕೋಶ ಕುಗ್ಗುವಂತೆ ಮಾಡುವ ಔಷಧಿಗಳೂ ಹೊಸವಲ್ಲ. 1935ರಲ್ಲಿ ಎರ್ಗೊಮೆಟ್ರಿನ್ ಎಂಬ ಔಷಧಿಯನ್ನು ವಿಜ್ಞಾನಿಗಳು ಬೇರ್ಪಡಿಸಿದರು. ತಾಯಿಯ ಮೈಯಲ್ಲೇ ಹುಟ್ಟುವ ಆಕ್ಸಿಟೋಸಿನ್ ರಸವನ್ನು ಅಮೆರಿಕದ ವಿಜ್ಞಾನಿ ಡು ವಿನ್ಯೋ 1953ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿದರು. 1955ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಆದರೆ ಆ ಔಷಧಿಯನ್ನು ತಂಪಿನಲ್ಲಿಡಬೇಕು, ಸೂಜಿಯಿಂದಲೇ ಕೊಡಬೇಕು, ಕೊಡಲು ಬಲ್ಲವರು ಬೇಕು. ಕರೆಂಟೇ ನಿಲ್ಲದ ಮಲೆನಾಡಿನ ಲೈನು ಮನೆಗೆ ಅದು ಬರುವುದೆಂತು? ಔಷಧಿ ಇತ್ತು, ಬಾಣಂತಿಯೂ ಇದ್ದಳು. ನಡುವಣ ದಾರಿ ಮಾತ್ರ ಇರಲಿಲ್ಲ.

ಇನ್ನೊಂದು ತೊಡಕು ‘ಸ್ವಲ್ಪ’ ಎಂಬ ಮಾತಿನದು. ರಕ್ತ ಸೀರೆಯಲ್ಲಿ ಇಂಗುತ್ತದೆ, ನೆಲದ ಮಣ್ಣು ಹೀರುತ್ತದೆ, ನೀರಿನೊಡನೆ ಬೆರೆಯುತ್ತದೆ. ಕಣ್ಣಿಗೆ ಕಂಡಷ್ಟನ್ನೇ ನಾವು ಲೆಕ್ಕ ಹಿಡಿಯುತ್ತೇವೆ. ಆ ಅಜ್ಜಿ ಸುಳ್ಳು ಹೇಳಿರಲಿಲ್ಲ. ಅವಳ ಬಳಿ ಅಳತೆಗೋಲು ಇರಲಿಲ್ಲ, ಅಷ್ಟೆ.

ತೂಗಿ ಬರೆದಿಟ್ಟವರು

ಎಣಿಕೆಯಿಂದ ತಾಯಂದಿರ ಪ್ರಾಣ ಉಳಿಯಬಹುದೆಂದು ಮೊದಲು ತೋರಿಸಿದವರಲ್ಲಿ ವಿಯೆನ್ನಾ ನಗರದ ವೈದ್ಯ ಸೆಮ್ಮೆಲ್‌ವೈಸ್ ಪ್ರಮುಖರು. ಒಂದೇ ಆಸ್ಪತ್ರೆಯ ಎರಡು ವಾರ್ಡುಗಳಲ್ಲಿ, ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ವಾರ್ಡಿಗಿಂತ ವೈದ್ಯರ ವಾರ್ಡಿನಲ್ಲೇ ಬಾಣಂತಿಯರು ಹೆಚ್ಚು ಸಾಯುತ್ತಿದ್ದುದನ್ನು ಅವರು ಲೆಕ್ಕ ಹಾಕಿ ಕಂಡುಕೊಂಡರು. ಶವಪರೀಕ್ಷೆ ಮಾಡಿದ ಕೈಗಳಿಂದಲೇ ವೈದ್ಯರು ಹೆರಿಗೆ ಮಾಡಿಸುತ್ತಿದ್ದರು. 1847ರಲ್ಲಿ ಸುಣ್ಣದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವ ನಿಯಮ ತಂದಾಗ ಸಾವು ತೀರಾ ಇಳಿಯಿತು. ಆದರೂ ಬಹುಪಾಲು ವೈದ್ಯರು ಅವರ ಮಾತನ್ನು ಒಪ್ಪಲಿಲ್ಲ. ತಮ್ಮ ಕೈಯೇ ಕೊಂದಿತೆಂದು ಒಪ್ಪಿಕೊಳ್ಳುವುದು ಯಾರಿಗೂ ಸುಲಭವಲ್ಲ.

ನಮ್ಮ ನಾಡಿನಲ್ಲಿ ಇಂಥ ಲೆಕ್ಕದ ಒಂದು ದೊಡ್ಡ ಭಂಡಾರ ಮೈಸೂರಿನ ಮಂಡಿ ಮೊಹಲ್ಲಾದಲ್ಲಿದೆ. ವೆಸ್ಲಿಯನ್ ಮೆಥಡಿಸ್ಟ್ ಮಿಷನ್ನಿನವರು 1906ರಲ್ಲಿ ಅಲ್ಲಿ ತೆರೆದ ಆಸ್ಪತ್ರೆಯನ್ನು ಮೈಸೂರಿನ ಜನ ಇಂದಿಗೂ ‘ಮಿಷನ್ ಆಸ್ಪತ್ರೆ’ ಎನ್ನುತ್ತಾರೆ. ಅದರ ಪೂರ್ಣ ಹೆಸರು ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯೂ ಅದೇ ಮಿಷನ್ನಿನ ಕೊಡುಗೆ. 1934ರಿಂದ ಮೈಸೂರಿನ ಆ ಆಸ್ಪತ್ರೆಯ ದಾದಿಯರು ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಅಳೆದು ಪುಸ್ತಕದಲ್ಲಿ ಬರೆದಿಡತೊಡಗಿದರು. ತಾಯಿಯ ತೂಕವನ್ನೂ ಬರೆದರು. ಅದರಿಂದ ಏನು ಪ್ರಯೋಜನವೆಂದು ಅಂದು ಯಾರೂ ಅರಿತಿರಲಿಕ್ಕಿಲ್ಲ. ಕರ್ತವ್ಯವೆಂದು ಬರೆದರು; ಆ ಪುಸ್ತಕಗಳು ಉಳಿದವು.

ಅರ್ಧ ಶತಮಾನ ಕಳೆದ ಮೇಲೆ, 1990ರ ದಶಕದಲ್ಲಿ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಆಸ್ಪತ್ರೆಯವರೊಡನೆ ಸೇರಿ ಆ ಪುಸ್ತಕಗಳನ್ನು ತೆರೆದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಇನ್ನೂ ಮೈಸೂರಿನ ಸುತ್ತಮುತ್ತ ಬಾಳುತ್ತಿದ್ದ 517 ಮಂದಿಯನ್ನು ಹುಡುಕಿ ಹೃದಯದ ಪರೀಕ್ಷೆ ಮಾಡಿದರು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಚಿಂತನೆಗೆ ಹಚ್ಚಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಮೂರು ಕಿಲೋಗೂ ಹೆಚ್ಚು ತೂಗಿದ್ದವರಲ್ಲಿ ಅದು ನೂರಕ್ಕೆ 3 ಮಾತ್ರ. ಕೂಸೂ ಹಗುರ, ತಾಯಿಯೂ 45 ಕಿಲೋಗಿಂತ ಕಡಿಮೆ ಎಂಬಂಥವರಲ್ಲಿ ನೂರಕ್ಕೆ 20.

ಅರ್ಥವೇನು? ಬಸುರಿಯ ತಟ್ಟೆಯಲ್ಲಿ ಕಡಿಮೆಯಾದ ಅನ್ನದ ಲೆಕ್ಕವನ್ನು ಮಗುವಿನ ಹೃದಯ ಐವತ್ತು ವರ್ಷಗಳ ಮೇಲೂ ನೆನಪಿಟ್ಟುಕೊಂಡಿರುತ್ತದೆ. ಆಮೇಲೆ 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ‘ಪಾರ್ಥೆನಾನ್ ಅಧ್ಯಯನ’ ಆರಂಭವಾಯಿತು. ಬಸುರಿಯರ ಸಕ್ಕರೆಯ ಪ್ರಮಾಣವನ್ನು ಪರೀಕ್ಷಿಸಿದಾಗ ನೂರಕ್ಕೆ ಆರು ಮಂದಿಯಲ್ಲಿ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಕಂಡುಬಂತು; ನೂರಕ್ಕೆ ನಲವತ್ತಕ್ಕೂ ಹೆಚ್ಚು ತಾಯಂದಿರಲ್ಲಿ ಬಿ12 ಜೀವಸತ್ವದ ಕೊರತೆಯಿತ್ತು. ಡಾ. ಜಿ. ವಿ. ಕೃಷ್ಣವೇಣಿ, ಡಾ. ಕ್ಯಾರೊಲಿನ್ ಫಾಲ್ ಮೊದಲಾದವರು ಆಗ ಹುಟ್ಟಿದ ಮಕ್ಕಳನ್ನು ಬೆಳೆದು ದೊಡ್ಡವರಾಗುವವರೆಗೂ ಪರೀಕ್ಷಿಸುತ್ತ ಬಂದರು. ಇದೆಲ್ಲದರ ಬೇರು, ರಾತ್ರಿ ಪಾಳಿಯ ದಾದಿಯೊಬ್ಬಳು ತಪ್ಪದೆ ಬರೆದ ಒಂದು ಸಾಲಿನಲ್ಲಿದೆ.

ಬಾಗಿಲು ತೆರೆದ ಧರ್ಮಸಭೆ

ಇಲ್ಲಿ ಕಥೋಲಿಕರಾದ ನಾವು ನಮ್ಮ ಮನೆಯ ಕಥೆಯನ್ನೂ ಪ್ರಾಮಾಣಿಕವಾಗಿ ಹೇಳಿಕೊಳ್ಳಬೇಕು. ಅನ್ಯ ಸಭೆಗಳ ಮಿಷನರಿ ವೈದ್ಯೆಯರು ಭಾರತದ ಊರೂರುಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಕಾಲದಲ್ಲಿ, ನಮ್ಮ ಧಾರ್ಮಿಕ ಭಗಿನಿಯರಿಗೆ ಆ ಕೆಲಸ ನಿಷಿದ್ಧವಾಗಿತ್ತು. ಬೆಂಗಳೂರಿನ ಸಂತ ಮಾರ್ತಾ ಆಸ್ಪತ್ರೆಯನ್ನು ಗುಡ್ ಶೆಫರ್ಡ್ ಸಭೆಯ ಭಗಿನಿಯರು 1886ರಲ್ಲೇ ಆರಂಭಿಸಿದ್ದರು. ರೋಗಿಗಳ ಶುಶ್ರೂಷೆಗೆ ಅವರು ಜೀವ ತೇದರು. ಆದರೆ ಬ್ರಹ್ಮಚರ್ಯದ ವ್ರತ ತೊಟ್ಟವರು ಹೆರಿಗೆಯ ಕೋಣೆಯಲ್ಲಿ ಇರುವುದು ತಕ್ಕುದಲ್ಲವೆಂಬುದು ಧರ್ಮಸಭೆಯ ಅಂದಿನ ಭಾವನೆ. ಆ ದಿನಗಳಲ್ಲಿ ಪರದೆಯ ಹಿಂದಿನ ಎಷ್ಟೋ ಹೆಂಗಸರು ಗಂಡಸು ವೈದ್ಯರಿಗೆ ಮೈತೋರಲು ಒಲ್ಲದೆ ಸತ್ತರು.

ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೋರಿ 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದು ಸನ್ಯಾಸಿನಿಯಾದರು. ವೈದ್ಯವೃತ್ತಿ ಮುಂದುವರಿಸಲು ಅವರು ವಿಶ್ವಗುರುಗಳಿಂದ ವಿಶೇಷ ಅನುಮತಿ ಪಡೆಯಬೇಕಾಯಿತು. ರಾವಲ್ಪಿಂಡಿಯಲ್ಲಿ ತಾಯಂದಿರ ಸಾವನ್ನು ಕಣ್ಣಾರೆ ಕಂಡ ಆಸ್ಟ್ರಿಯಾದ ವೈದ್ಯೆ ಅನ್ನಾ ಡೆಂಗೆಲ್ 1925ರಲ್ಲಿ ವೈದ್ಯಕೀಯ ಸೇವೆಗೆಂದೇ ಮಹಿಳೆಯರ ಸಂಘವೊಂದನ್ನು ಕಟ್ಟಿ, ರೋಮಿನ ಬಾಗಿಲನ್ನು ತಟ್ಟುತ್ತಲೇ ಇದ್ದರು. ಕೊನೆಗೆ 1936ರ ಫೆಬ್ರವರಿ 11ರಂದು, ಲೂರ್ದುಮಾತೆಯ ಹಬ್ಬದ ದಿನ, ‘ಕೊನ್‌ಸ್ತಾನ್ಸ್ ಆಕ್ ಸೆದುಲಾ’ ಎಂಬ ಆದೇಶ ಹೊರಬಂತು. ಮಿಷನ್ ನಾಡುಗಳ ಭಗಿನಿಯರು ವೈದ್ಯಶಾಸ್ತ್ರ ಕಲಿಯಬಹುದು, ಹೆರಿಗೆಯನ್ನೂ ಮಾಡಿಸಬಹುದು ಎಂದು ಅದು ಸಾರಿತು. ಇಂದು ಕನ್ಯಾಮಠದ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳು ನಮ್ಮ ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ. ಆ ಸೌಭಾಗ್ಯಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ.

ಭಗಿನಿ ಮೇರಿ ಗ್ಲೋರಿ 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘಟನೆಯನ್ನು ಕಟ್ಟಿದರು. ಭಾರತದಲ್ಲಿ ಕಥೋಲಿಕ ವೈದ್ಯಕೀಯ ಕಾಲೇಜೊಂದು ಆಗಬೇಕೆಂಬುದು ಅವರ ಕನಸು. 1957ರಲ್ಲಿ ಅವರು ಬೆಂಗಳೂರಿನಲ್ಲೇ ನಿಧನರಾದರು. ಆರು ವರ್ಷಗಳ ನಂತರ, 1963ರಲ್ಲಿ, ಅದೇ ಬೆಂಗಳೂರಿನಲ್ಲಿ ಭಾರತದ ಧರ್ಮಾಧ್ಯಕ್ಷರು ಸಂತ ಜಾನರ ವೈದ್ಯಕೀಯ ಕಾಲೇಜನ್ನು ಆರಂಭಿಸಿದರು. ಕಾಕತಾಳೀಯವೆಂಬಂತೆ ಅದೇ 1963ರಲ್ಲಿ ನಮ್ಮ ರಾಜ್ಯದ ಉತ್ತರದ ಅಂಚಿನ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯವರ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜೂ ಶುರುವಾಯಿತು. ಆ ಗಂಡನ ಪ್ರಶ್ನೆಗೆ ಉತ್ತರ ದೊರೆತದ್ದು ಈ ಬೆಳಗಾವಿಯಲ್ಲಿ.

ಬೆಳಗಾವಿಯ ಹಳ್ಳಿಗಳಲ್ಲಿ

ಆ ಕಾಲೇಜಿನ ಡಾ. ಭಾಲಚಂದ್ರ ಕೊಡಕಣಿ, ಡಾ. ಶಿವಪ್ರಸಾದ ಗೌಡರ್ ಮತ್ತು ಸಂಗಡಿಗರು ಅಮೆರಿಕದ ಡಾ. ರಿಚರ್ಡ್ ಡರ್ಮನ್, ಡಾ. ಸ್ಟೇಸಿ ಗೆಲ್ಲರ್ ಮೊದಲಾದವರೊಡನೆ ಕೂಡಿ ಹಳ್ಳಿಯ ಹೆರಿಗೆಯ ರಕ್ತಸ್ರಾವವನ್ನು ಅಧ್ಯಯನಕ್ಕೆ ಎತ್ತಿಕೊಂಡರು. ಮೊದಲ ಕೆಲಸ ಅಳತೆಗೋಲು ಮಾಡುವುದು. ಅವರು ರೂಪಿಸಿದ ಸಾಧನ ಬಹು ಸರಳ: ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಗೆ ಲಾಳಿಕೆಯಂಥ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. ಹರಿದ ರಕ್ತವೆಲ್ಲ ಚೀಲಕ್ಕಿಳಿಯುತ್ತದೆ. ಗೆರೆ ನೋಡಿದರೆ ಲೆಕ್ಕ ಸಿಗುತ್ತದೆ. ರೂಪಿಸಿದ ಏಳು ಮಂದಿಯ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ‘ಬ್ರಾಸ್-ವಿ’ ಎಂದು ಹೆಸರಿಟ್ಟರು. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ 123 ಹೆರಿಗೆಗಳಲ್ಲಿ ಕಣ್ಣಂದಾಜನ್ನೂ ಈ ಚೀಲವನ್ನೂ ಹೋಲಿಸಿ ನೋಡಿದಾಗ, ಕಣ್ಣಂದಾಜು ಸುಮಾರು ಮೂರರಲ್ಲೊಂದು ಪಾಲು ಕಡಿಮೆ ತೋರಿಸಿತು. ಅದೂ ಆಸ್ಪತ್ರೆಯ ಬೆಳಕಿನಲ್ಲಿ, ತರಬೇತಿ ಪಡೆದವರ ಕಣ್ಣಿಗೆ. ಇನ್ನು ಚಿಮಣಿ ದೀಪದ ಬೆಳಕಿನಲ್ಲಿ ನಮ್ಮ ಅಜ್ಜಿಯನ್ನು ದೂರುವುದೆಂತು?

ಎರಡನೆಯದು ಔಷಧಿ. ಹೊಟ್ಟೆಹುಣ್ಣಿಗೆಂದು ತಯಾರಾಗಿದ್ದ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಗೆ ಗರ್ಭಕೋಶವನ್ನು ಕುಗ್ಗಿಸುವ ಗುಣವೂ ಇತ್ತು. ಅದಕ್ಕೆ ಸೂಜಿ ಬೇಡ, ತಂಪಿನ ಪೆಟ್ಟಿಗೆ ಬೇಡ; ಬೆಲೆಯೂ ಕಡಿಮೆ. ಆದರೆ ಹಳ್ಳಿಯಲ್ಲಿ, ವೈದ್ಯರಿಲ್ಲದೆಡೆ, ದಾದಿಯರ ಕೈಯಲ್ಲಿ ಅದು ನಿಜವಾಗಿ ಕೆಲಸ ಮಾಡೀತೇ?

2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳ 1620 ತಾಯಂದಿರು ಈ ಪರೀಕ್ಷೆಯಲ್ಲಿ ಭಾಗಿಗಳಾದರು. ಜನ ‘ನರ್ಸಮ್ಮ’ ಎಂದು ಕರೆಯುವ 25 ಮಂದಿ ಸಹಾಯಕ ದಾದಿಯರು ಮನೆಗಳಲ್ಲಿ, ಉಪಕೇಂದ್ರಗಳಲ್ಲಿ ಹೆರಿಗೆ ಮಾಡಿಸಿದರು. ಮಗು ಹುಟ್ಟಿ ಹೊಕ್ಕುಳಬಳ್ಳಿ ಕಟ್ಟಿದೊಡನೆ 812 ತಾಯಂದಿರಿಗೆ ನಿಜವಾದ ಔಷಧಿ, 808 ತಾಯಂದಿರಿಗೆ ನೋಡಲು ಅದರಂತೆಯೇ ಇರುವ, ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದು ಕೊಡುವವಳಿಗೂ ತಿಳಿಯದು, ತೆಗೆದುಕೊಳ್ಳುವವಳಿಗೂ ತಿಳಿಯದು. ಆಮೇಲೆ ಚೀಲ ಹಾಸಿ ಅಳತೆ.

ಫಲಿತಾಂಶ 2006ರ ಅಕ್ಟೋಬರಿನಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಖಾಲಿ ಮಾತ್ರೆಯ ಗುಂಪಿನಲ್ಲಿ ನೂರಕ್ಕೆ 12 ತಾಯಂದಿರಿಗೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹೋಗಿತ್ತು. ಔಷಧಿಯ ಗುಂಪಿನಲ್ಲಿ ಅದು ನೂರಕ್ಕೆ 6.4. ತೀವ್ರ ರಕ್ತಸ್ರಾವ ನೂರಕ್ಕೆ 1.2ರಿಂದ 0.2ಕ್ಕೆ ಇಳಿದಿತ್ತು. ಚಳಿ ನಡುಕ, ತುಸು ಜ್ವರ ಹೆಚ್ಚಾದರೂ ಬೇಗ ಇಳಿಯುತ್ತಿತ್ತು. ಹದಿನೆಂಟು ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ ಎಂಬುದು ಸಂಶೋಧಕರ ಲೆಕ್ಕ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಅಳತೆಯ ಚೀಲವೂ ಬೆಳಗಾವಿಯನ್ನು ದಾಟಿ ಹೋಯಿತು. 2023ರಲ್ಲಿ ಪ್ರಕಟವಾದ, ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಗಳ 80 ಆಸ್ಪತ್ರೆಗಳ ಅಧ್ಯಯನದಲ್ಲಿ, ಇಂಥ ಅಳತೆಯ ಚೀಲದಿಂದ ಬೇಗ ಗುರುತಿಸಿ ಒಡನೆ ಒಟ್ಟಾಗಿ ಚಿಕಿತ್ಸೆ ಕೊಟ್ಟಾಗ, ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಶಸ್ತ್ರಚಿಕಿತ್ಸೆ, ಸಾವುಗಳು ಒಟ್ಟಿನಲ್ಲಿ ನೂರಕ್ಕೆ 60ರಷ್ಟು ಕಡಿಮೆಯಾದವು.

ಖಾಲಿ ಮಾತ್ರೆಯ ಪ್ರಶ್ನೆ

ಓದುಗರಲ್ಲಿ ಕೆಲವರಿಗೆ ಒಂದು ಮುಳ್ಳು ಚುಚ್ಚಿರಬೇಕು, ನನಗೂ ಚುಚ್ಚಿದೆ. 808 ತಾಯಂದಿರಿಗೆ ಔಷಧಿಯಿಲ್ಲದ ಮಾತ್ರೆ ಕೊಟ್ಟದ್ದು ಸರಿಯೇ?

ಸ್ತ್ರೀರೋಗಗಳ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಇಂಥ ಪ್ರಶ್ನೆಗೆ ಕರಾಳವಾದ ಹಿನ್ನೆಲೆಯಿದೆ. ಕಷ್ಟದ ಹೆರಿಗೆಯಲ್ಲಿ ಮೂತ್ರಕೋಶ ಹರಿದು ಸದಾ ಮೂತ್ರ ಸೋರುವ ದುಃಸ್ಥಿತಿಗೆ ಚಿಕಿತ್ಸೆ ಕಂಡುಹಿಡಿದವರೆಂದು ಹೆಸರಾದ ಅಮೆರಿಕದ ಮೇರಿಯನ್ ಸಿಮ್ಸ್, 1840ರ ದಶಕದಲ್ಲಿ ಅಲಬಾಮಾದಲ್ಲಿ ತಮ್ಮ ಪ್ರಯೋಗಗಳನ್ನು ನಡೆಸಿದ್ದು ಗುಲಾಮ ಹೆಂಗಸರ ಮೇಲೆ, ಅರಿವಳಿಕೆಯಿಲ್ಲದೆ. ಅನಾರ್ಕಾ, ಲೂಸಿ, ಬೆಟ್ಸಿ ಎಂಬ ಮೂವರ ಹೆಸರುಗಳು ಮಾತ್ರ ಉಳಿದಿವೆ. ಅನಾರ್ಕಾಳ ಮೇಲೆ ಸುಮಾರು ಮೂವತ್ತು ಬಾರಿ ಶಸ್ತ್ರಚಿಕಿತ್ಸೆ ನಡೆಯಿತು. ‘ಒಲ್ಲೆ’ ಎನ್ನುವ ಹಕ್ಕು ಅವಳಿಗಿರಲಿಲ್ಲ. 2018ರಲ್ಲಿ ನ್ಯೂಯಾರ್ಕ್ ನಗರ ಸಿಮ್ಸರ ಪ್ರತಿಮೆಯನ್ನು ಅದರ ಪೀಠದಿಂದ ಕೆಳಗಿಳಿಸಿತು. ಒಳ್ಳೆಯ ಫಲವು ಕೆಟ್ಟ ಮಾರ್ಗವನ್ನು ಪಾವನಗೊಳಿಸದು ಎಂಬುದು ನಮ್ಮ ನೀತಿಶಾಸ್ತ್ರದ ಮೊದಲ ಪಾಠ.

ಬೆಳಗಾವಿಯ ಪರೀಕ್ಷೆ ಅಂಥದ್ದಲ್ಲ. ತಾಯಂದಿರಿಗೆ ವಿವರಿಸಿ ಒಪ್ಪಿಗೆ ಪಡೆಯಲಾಗಿತ್ತು. ನೈತಿಕ ಸಮಿತಿಗಳು ಪರಿಶೀಲಿಸಿದ್ದವು. ಆ ಹಳ್ಳಿಗಳ ಮನೆ ಹೆರಿಗೆಯಲ್ಲಿ ಅಲ್ಲಿಯತನಕ ರಕ್ತ ತಡೆಯುವ ಯಾವ ಔಷಧಿಯೂ ಸಿಗುತ್ತಿರಲಿಲ್ಲ. ಹೀಗಾಗಿ ಯಾರಿಂದಲೂ ಇದ್ದುದನ್ನು ಕಿತ್ತುಕೊಂಡಂತಾಗಲಿಲ್ಲವೆಂಬುದು ಸಮರ್ಥನೆ. ಆದರೂ, ಔಷಧಿಯೇ ಇಲ್ಲದ ಬಡತನವು ಪ್ರಯೋಗಕ್ಕೆ ಅನುಕೂಲವಾಗಬಾರದೆಂಬ ಆಕ್ಷೇಪವನ್ನೂ ತಳ್ಳಿಹಾಕಲಾಗದು. ನನ್ನ ಮಟ್ಟಿಗೆ ಉತ್ತರ ಇಷ್ಟು: ಆ 808 ತಾಯಂದಿರು ತಮ್ಮ ಅಕ್ಕತಂಗಿಯರಿಗಾಗಿ ಅಪಾಯವನ್ನು ಹಂಚಿಕೊಂಡರು. ಅದು ಅವರು ಕೊಟ್ಟ ದಾನವಲ್ಲ, ನಮ್ಮ ಮೇಲೆ ಉಳಿದ ಸಾಲ. ಮಾತ್ರೆ ಬಡವಳ ಮನೆಬಾಗಿಲಿಗೆ ತಲಪಿದಾಗಲೇ ಸಾಲ ತೀರುವುದು. ಭಾರತ ಸರ್ಕಾರ 2013ರಲ್ಲಿ, ಮನೆಯಲ್ಲೇ ಹೆರಿಗೆಯಾಗುವ ಕಡೆಗಳಲ್ಲಿ ಈ ಮಾತ್ರೆಯನ್ನು ದಾದಿಯರು, ಆಶಾ ಕಾರ್ಯಕರ್ತೆಯರ ಮೂಲಕ ತಲಪಿಸುವ ಮಾರ್ಗಸೂಚಿ ಹೊರಡಿಸಿತು.

ಇದೇ ಮಾತ್ರೆ ಗರ್ಭಪಾತಕ್ಕೂ ಬಳಕೆಯಾಗುತ್ತದೆಂಬುದನ್ನು ನಾನು ಮರೆಮಾಚುವುದಿಲ್ಲ. ಆ ಬಳಕೆಯನ್ನು ನಮ್ಮ ವಿಶ್ವಾಸ ಒಪ್ಪದು. ಆದರೆ ಹೆತ್ತು ಮಲಗಿದ ತಾಯಿಯ ರಕ್ತ ನಿಲ್ಲಿಸುವುದು ಜೀವದ ಪರವಾದ ಕೆಲಸ. ಅದಕ್ಕೆ ಹಿಂಜರಿಯುವ ಕಾರಣವಿಲ್ಲ.

ಒಂದು ಮಾತ್ರೆಯೋ, ಮೂರೋ?

ಸಂತ ಜಾನರ ಸಂಶೋಧನಾ ಸಂಸ್ಥೆಯ ಕೊಡುಗೆ ಇನ್ನೂ ಇತ್ತೀಚಿನದು. ಬಸುರಿಯ ಕೈಕಾಲು ಮುಖ ಊದಿ, ರಕ್ತದೊತ್ತಡ ಏರಿ, ಕೊನೆಗೆ ಫಿಟ್ಸ್ ಬಂದು ತಾಯಿ ಮಗು ಇಬ್ಬರ ಜೀವಕ್ಕೂ ಎರವಾಗುವ ಸ್ಥಿತಿಯನ್ನು ಹಳಬರು ‘ನಂಜು’ ಎನ್ನುತ್ತಿದ್ದರು. ಕ್ಯಾಲ್ಸಿಯಂ ಕಡಿಮೆ ತಿನ್ನುವ ನಾಡುಗಳಲ್ಲಿ ಬಸುರಿಯರಿಗೆ ದಿನಕ್ಕೆ 1500ರಿಂದ 2000 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟರೆ ಅದು ಕಡಿಮೆಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿತ್ತು. ಅಂದರೆ ದಿನಕ್ಕೆ ಮೂರು ನಾಲ್ಕು ದಪ್ಪ ಮಾತ್ರೆಗಳು. ವಾಕರಿಕೆಯಿಂದ ಬಳಲುವ ಬಸುರಿ ನುಂಗುವುದೂ ಕಷ್ಟ, ಸರ್ಕಾರ ಹಂಚುವುದೂ ಕಷ್ಟ.

ಡಾ. ಪ್ರತಿಭಾ ದ್ವಾರಕಾನಾಥ್, ಡಾ. ಅನುರಾ ಕುರ್ಪಾಡ್ ಮೊದಲಾದವರು ಬೆಂಗಳೂರಿನಲ್ಲಿ ಚೊಚ್ಚಲ ಬಸುರಿಯರಾದ 11,000 ಮಂದಿಯನ್ನು ಸೇರಿಸಿ, ಅರ್ಧದಷ್ಟು ಜನರಿಗೆ 500 ಮಿಲಿಗ್ರಾಂ, ಉಳಿದವರಿಗೆ 1500 ಮಿಲಿಗ್ರಾಂ ಕೊಟ್ಟು ನೋಡಿದರು. ತಾಂಜಾನಿಯದಲ್ಲೂ ಅಷ್ಟೇ ಮಂದಿಯ ಮೇಲೆ ಇದೇ ಅಧ್ಯಯನ ನಡೆಯಿತು. 2024ರ ಜನವರಿಯಲ್ಲಿ ಫಲಿತಾಂಶ ಹೊರಬಂತು: ಬೆಂಗಳೂರಿನಲ್ಲಿ ಕಡಿಮೆ ಪ್ರಮಾಣ ಪಡೆದವರಲ್ಲಿ ನಂಜು ನೂರಕ್ಕೆ 3.0, ಹೆಚ್ಚು ಪಡೆದವರಲ್ಲಿ 3.6. ನಂಜಿನ ಮಟ್ಟಿಗೆ ಒಂದು ಮಾತ್ರೆ ಮೂರಕ್ಕೆ ಕಡಿಮೆಯಿಲ್ಲ. ಬೆಳಗಾವಿಯವರೂ ಸುಮ್ಮನಿರಲಿಲ್ಲ. ಅವರೂ ಪಾಲ್ಗೊಂಡಿದ್ದ ಆರು ದೇಶಗಳ ಅಧ್ಯಯನವೊಂದು, ಚೊಚ್ಚಲ ಬಸುರಿಯರು ಸಣ್ಣ ಪ್ರಮಾಣದ ಆಸ್ಪಿರಿನ್ ಸೇವಿಸಿದರೆ ಅವಧಿಗೆ ಮುಂಚಿನ ಹೆರಿಗೆ ನೂರಕ್ಕೆ 13.1ರಿಂದ 11.6ಕ್ಕೆ ಇಳಿಯುತ್ತದೆಂದು 2020ರಲ್ಲಿ ತೋರಿಸಿತು. ಇವೆಲ್ಲ ವೈದ್ಯರ ಸಲಹೆಯಿಂದ ಮಾತ್ರ ತೆಗೆದುಕೊಳ್ಳತಕ್ಕವು ಎಂಬುದನ್ನು ಹೇಳಬೇಕಾಗಿಲ್ಲ.

ಇಂದಿನ ನಾವು

ಪ್ರಿಯ ಓದುಗರೇ, ದಾರಿ ಬಹಳಷ್ಟು ಸವೆದಿದೆ. 2001–03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಮಾತ್ರೆಯೊಂದರಿಂದಲೇ ಆದದ್ದಲ್ಲ ಇದು. 2005ರ ಗ್ರಾಮೀಣ ಆರೋಗ್ಯ ಅಭಿಯಾನ, ಆಶಾ ಕಾರ್ಯಕರ್ತೆಯರು, 2008ರಲ್ಲಿ ಬಂದ 108ರ ಆಂಬುಲೆನ್ಸು, ಆಸ್ಪತ್ರೆಯ ಹೆರಿಗೆ, ರಸ್ತೆ, ಫೋನು ಎಲ್ಲದರ ಪಾಲೂ ಇದೆ. ಪಾವಗಡದ ಸೂಲಗಿತ್ತಿ ನರಸಮ್ಮನವರಂಥವರ ಪಾಲನ್ನೂ ನೆನೆಯಬೇಕು. ಸಾವಿರಾರು ಹೆರಿಗೆಗಳನ್ನು ಕಾಸು ಕೇಳದೆ ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ದೊರೆಯಿತು. ಅದೇ ವರ್ಷ ಕ್ರಿಸ್ಮಸ್ಸಿನ ದಿನ ಅವರು ತೀರಿಕೊಂಡರು.

ಆದರೆ 69 ಎಂಬುದು ಸೊನ್ನೆಯಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಚಿಕಿತ್ಸೆಯ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಸತ್ತಾಗ ನಾಡು ಬೆಚ್ಚಿತು. ಆಮೇಲೆ ಸರ್ಕಾರ ರಾಜ್ಯದ ತಾಯಂದಿರ ಸಾವುಗಳನ್ನು ಪರಿಶೀಲನೆಗೆ ಒಳಪಡಿಸಿತು. ಎಣಿಸುವುದನ್ನು ಬಿಟ್ಟ ದಿನ ಸಾವು ಮತ್ತೆ ಒಳನುಸುಳುತ್ತದೆ.

ನಮ್ಮ ಮನೆಗಳಲ್ಲೂ ಕೆಲಸವಿದೆ. ಬಸುರಿಯ ‘ತಾಯಿ ಕಾರ್ಡ್’ನಲ್ಲಿ ತೂಕ, ರಕ್ತದೊತ್ತಡ, ರಕ್ತದ ಪ್ರಮಾಣ ಬರೆದಿದೆಯೇ ಎಂದು ಮನೆಯ ಗಂಡಸರೂ ಓದಿ ನೋಡಲಿ. ಅತ್ತೆಯಂದಿರು ಸೊಸೆಯ ತಟ್ಟೆಯನ್ನು ಮೊದಲು ತುಂಬಲಿ. ಹೆರಿಗೆಯಾದ ಮೊದಲ ಎರಡು ಗಂಟೆ ಬಾಣಂತಿಯ ಪಕ್ಕ ಯಾರಾದರೂ ಎಚ್ಚರವಾಗಿ ಕುಳಿತಿರಲಿ. ಬಟ್ಟೆ ಬೇಗ ಬೇಗ ತೊಯ್ದರೆ ‘ಸ್ವಲ್ಪ’ ಎನ್ನದೆ ಒಡನೆ ಕೂಗಿ ಕರೆಯಲಿ. ಯುವಕರು ವರ್ಷಕ್ಕೊಮ್ಮೆಯಾದರೂ ರಕ್ತದಾನ ಮಾಡಲಿ.

ಶುಭಸಂದೇಶದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸೊಬ್ಬಳಿದ್ದಾಳೆ. ಕೈಯಲ್ಲಿದ್ದುದನ್ನೆಲ್ಲ ವೈದ್ಯರಿಗೆ ಸುರಿದವಳು. ಅವಳ ಹೆಸರೂ ನಮಗೆ ಗೊತ್ತಿಲ್ಲ. ಯೇಸುಸ್ವಾಮಿ ಅವಳಿಗೆ ಇದು ದೇವರ ಚಿತ್ತವೆಂದು ಹೇಳಲಿಲ್ಲ. ನೂಕುನುಗ್ಗಲಿನ ನಡುವೆ ನಿಂತು, ಮುಟ್ಟಿದವರು ಯಾರೆಂದು ಕೇಳಿದರು. ಅವಳ ಮಾತು ಮುಗಿಯುವವರೆಗೂ ಆಲಿಸಿದರು. ಬೆಳಗಾವಿಯ 1620 ತಾಯಂದಿರ ಹೆಸರುಗಳೂ ನಮಗೆ ಗೊತ್ತಿಲ್ಲ.

ಬೇಲೂರು ಹಳೇಬೀಡಿನ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ದನ ಬಿಡಿಸಲು ಹೋಗಿ ಮಡಿದವನಿಗೆ, ಯುದ್ಧದಲ್ಲಿ ಬಿದ್ದವನಿಗೆ ಊರು ಕಲ್ಲು ನಿಲ್ಲಿಸಿತು. ಬಿಕ್ಕೋಡಿನ ಆ ಬಾಣಂತಿಯ ಗುಡ್ಡೆಯ ಮೇಲೆ ನಾವು ನೆಟ್ಟದ್ದು ಒಂದು ಮರದ ಶಿಲುಬೆ. ಎರಡು ಮಳೆಗಾಲಕ್ಕೆ ಅದೂ ಕೊಳೆಯಿತು. ಅವಳ ಮಗಳು ಬೆಳೆದು, ಮದುವೆಯಾಗಿ, ಕೆಲವು ವರ್ಷಗಳ ಹಿಂದೆ ಆಸ್ಪತ್ರೆಯಲ್ಲಿ ಹೆತ್ತಳು. ಮಗುವಿಗೆ ದೀಕ್ಷಾಸ್ನಾನ ಕೊಡಲು ನನ್ನನ್ನೇ ಕರೆದರು. ಅಜ್ಜನಾಗಿದ್ದ ಅದೇ ಗಂಡ ಕೂಸನ್ನು ಎತ್ತಿಕೊಂಡು ಬಂದು, ನಾನು ಕೇಳುವ ಮೊದಲೇ ಹೇಳಿದ: "ಮೂರು ಕಿಲೋ ಇನ್ನೂರು ಗ್ರಾಂ ಸ್ವಾಮಿ. ತಾಯಿಗೂ ಏನೂ ತೊಂದ್ರೆ ಇಲ್ಲ, ರಕ್ತ ಎಷ್ಟು ಹೋಯ್ತು ಅಂತ ನರ್ಸಮ್ಮನ್ನ ನಾನೇ ಕೇಳ್ದೆ."

ಅಂದು ನಾನು ಕೊಡಲಾಗದ ಉತ್ತರವನ್ನು ಅವನು ಮರೆತಿರಲಿಲ್ಲ. ಕೂಸಿನ ತಲೆಯ ಮೇಲೆ ನೀರು ಹೊಯ್ಯುವಾಗ, ಅವಳ ಅಜ್ಜಿಯ ಆತ್ಮಕ್ಕಾಗಿಯೂ, ದೇವರ ಹೆಸರಿನಲ್ಲಿ ನಾನು ಅವಸರದಿಂದ ಆಡಿದ ಆ ಮಾತಿನ ಕ್ಷಮೆಗಾಗಿಯೂ ಮನಸ್ಸಿನಲ್ಲೇ ಬೇಡಿಕೊಂಡೆ.